ನಾಲ್ಕು ದೇಶಗಳ ಪ್ರವಾಸಿಗರ ಸಮೀಕ್ಷೆ: ಹಾಫ್‌ಸ್ಟೆಡ್ ಅಂಕಗಳನ್ನು ಹೇಗೆ ಬಳಸೋದು?

ಪಯಣಿಗ:
ಜಪಾನ್, ಜರ್ಮನಿ, ಅಮೆರಿಕ, ಚೀನಾದಿಂದ ಬರುವ ಪ್ರವಾಸಿಗರಲ್ಲಿ ತಲಾ 100 ಜನರನ್ನು ಮಾತಾಡಿಸುವ ಸಮೀಕ್ಷೆ ಇದು. ಯಾರು ಪ್ಯಾಕೇಜ್ ಟೂರ್ ಆರಿಸುತ್ತಾರೆ, ಎಷ್ಟು ದಿನ ಉಳಿಯುತ್ತಾರೆ, ಬೇಸರವಾದರೆ ದೂರು ಕೊಡುತ್ತಾರಾ ಅನ್ನೋದು ತಿಳಿಯಬೇಕು. ಪ್ರತಿಯೊಬ್ಬರ ಸಾಲಿನಲ್ಲೂ ಅವರ ದೇಶದ ಹಾಫ್‌ಸ್ಟೆಡ್ ಅಂಕ (ಗೀರ್ಟ್ ಹಾಫ್‌ಸ್ಟೆಡ್ ಅನ್ನೋ ಸಂಶೋಧಕರು ದೇಶಗಳ ಸಂಸ್ಕೃತಿಯನ್ನು ಅಳೆದು ಕೊಟ್ಟ ಅಂಕ) ತುಂಬಿ ರಿಗ್ರೆಶನ್ (ಯಾವುದರ ಜೊತೆ ಯಾವುದು ಎಷ್ಟು ಬದಲಾಗುತ್ತದೆ ಅನ್ನೋ ಲೆಕ್ಕ) ಮಾಡಿದರೆ ಸಾಕೇ? ಇದರ ಆಧಾರದ ಮೇಲೆ ಗೈಡ್‌ಗಳಿಗೆ ತರಬೇತಿಯೂ ಆಗಬೇಕಿದೆ.

ಅಂಕಿಗಣ್ಣು:
ದಯವಿಟ್ಟು ಹಾಗೆ ಮಾಡಬೇಡಿ. 100 ಜಪಾನಿಯರ ಸಾಲಿನಲ್ಲೂ ಅನಿಶ್ಚಿತತೆಯ ಅಳುಕಿಗೆ (ಮುಂದೇನು ಅಂತ ಗೊತ್ತಿಲ್ಲದಾಗಿನ ಕಸಿವಿಸಿ, ಹಾಫ್‌ಸ್ಟೆಡ್ ಅಳೆದ ಗುಣಗಳಲ್ಲೊಂದು) 92 ಅಂತಲೇ ತುಂಬುತ್ತೀರಿ, ಅಮೆರಿಕದವರ ಸಾಲಿನಲ್ಲೆಲ್ಲ 46. ಸಾಲು 400 ಇದ್ದರೂ ಬೇರೆ ಬೇರೆ ಅಂಕ ಇರೋದು ನಾಲ್ಕೇ. ಸಾಫ್ಟ್‌ವೇರ್‌ಗೆ ಅದು ಗೊತ್ತಾಗೋದಿಲ್ಲ, 400 ಸ್ವತಂತ್ರ ಪುರಾವೆ ಸಿಕ್ಕಂತೆ ಲೆಕ್ಕ ಹಾಕಿ ಏನೇ ಕೊಟ್ಟರೂ "ಮಹತ್ವದ ವ್ಯತ್ಯಾಸ" ಅಂದುಬಿಡುತ್ತದೆ.

ಆ ಅಂಕಗಳ ಮೂಲವನ್ನೂ ನೋಡಿ. 1967–73ರ ಸುಮಾರಿಗೆ ಐಬಿಎಂ ಸಿಬ್ಬಂದಿ ತುಂಬಿದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳಿಂದ ಬಂದು, 1980ರಲ್ಲಿ ಪ್ರಕಟವಾದ ದೇಶಗಳ ಸರಾಸರಿ ಅವು (ಚೀನಾದ ಅಂಕ ಮಾತ್ರ ಆಮೇಲೆ ಸೇರಿದ್ದು). ದೇಶದ ಸರಾಸರಿಯನ್ನು ಒಬ್ಬ ಮನುಷ್ಯನ ಸ್ವಭಾವ ಅಂದುಕೊಳ್ಳಬೇಡಿ ಅಂತ ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದಾರೆ. ಇವೇ ಗುಣಗಳನ್ನು ವ್ಯಕ್ತಿಮಟ್ಟದಲ್ಲೇ ಅಳೆಯಲು ಸಿವಿಸ್ಕೇಲ್ (CVSCALE) ಅನ್ನೋ 26 ಪ್ರಶ್ನೆಗಳ ಪ್ರಶ್ನಾವಳಿ ಇದೆ, ಅದನ್ನು ಸೇರಿಸಿ. ಆಗ ಒಂದೇ ದೇಶದವರೊಳಗಿನ ಅಂತರವೂ ಕಾಣುತ್ತದೆ. ನನ್ನ ಮಟ್ಟಿಗೆ ಓದಬೇಕಾದದ್ದು ಅದೇ.

ರಜೆಪಟ್ಟಿ:
ಸಂಸ್ಕೃತಿ ಅನ್ನೋ ಮೊದಲು ರಜೆ, ವೀಸಾ ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಕಾನೂನಿನಲ್ಲೇ ಇದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಜರ್ಮನಿಯವರು ಮೂರು ವಾರ, ಅಮೆರಿಕದವರು ಒಂದು ವಾರ ಉಳಿದರೆ ಅದಕ್ಕೆ ಮನೋಧರ್ಮವೇ ಕಾರಣ ಅಂತ ಹೇಗೆ ಹೇಳ್ತೀರಿ? ಚೀನಾದವರಿಗೆ ಹೊರದೇಶದ ಪ್ರವಾಸ ಬಹುಕಾಲ ಒಪ್ಪಂದವಾದ ದೇಶಗಳಿಗೆ, ಅನುಮತಿ ಪಡೆದ ಏಜೆನ್ಸಿಗಳ ಗುಂಪಿನಲ್ಲೇ ಆಗಬೇಕಿತ್ತು. ಜಪಾನಿಯರಿಗೆ ವಿಹಾರಕ್ಕೆಂದು ಹೊರಹೋಗಲು ಬಿಟ್ಟಿದ್ದು 1964ರ ಏಪ್ರಿಲ್ 1ರಿಂದ, ಅದೂ ವರ್ಷಕ್ಕೊಮ್ಮೆ, 500 ಡಾಲರ್ ಮಿತಿಯಲ್ಲಿ. ಗುಂಪು ಪ್ರವಾಸದ ರೂಢಿಯ ಬೇರು ಇಂಥ ನಿಯಮಗಳಲ್ಲೂ ಇದೆ.

ಹಾಗಾಗಿ ವಯಸ್ಸು, ಎಷ್ಟನೇ ವಿದೇಶ ಪ್ರವಾಸ, ಜೊತೆಗೆ ಯಾರಿದ್ದಾರೆ, ವೀಸಾ ಬಗೆ, ವರ್ಷಕ್ಕೆ ಸಿಗುವ ರಜೆ ಎಷ್ಟು, ಇವನ್ನೆಲ್ಲ ತಪ್ಪದೆ ಕೇಳಿ. ಮೊದಲ ಸಲ ಬಂದವರನ್ನು ಮೊದಲ ಸಲ ಬಂದವರ ಜೊತೆಗೇ ಹೋಲಿಸಿ.

ಎರಡು ನುಡಿ:
1ರಿಂದ 5ರೊಳಗೆ ಅಂಕ ಕೊಡಿಸುವ ಮಾಪಕದಲ್ಲೂ ಮೋಸ ಹೋಗಬಹುದು. ಪೂರ್ವ ಏಷ್ಯಾದವರು ನಡುವಿನ 3ಕ್ಕೆ ಟಿಕ್ ಹಾಕುವುದು ಹೆಚ್ಚು, ಅಮೆರಿಕದವರು ತುದಿಯ 5ಕ್ಕೆ ಬೇಗ ಹೋಗುತ್ತಾರೆ. ತೃಪ್ತಿ ಒಂದೇ ಇದ್ದರೂ ಸರಾಸರಿ ಬೇರೆ ಬರುತ್ತದೆ. "ಯೋಜನೆ ಮಾಡುವುದು ನಿಮಗೆ ಮುಖ್ಯವೇ?" ಅನ್ನೋ ಬದಲು "ಹೊರಡುವ ಎಷ್ಟು ದಿನ ಮೊದಲು ಕೊಠಡಿ ಬುಕ್ ಮಾಡಿದಿರಿ?" ಅಂತ ಕೇಳಿ. ಎಣಿಸಬಹುದಾದ ಉತ್ತರಕ್ಕೆ ಈ ವಕ್ರತೆ ಅಷ್ಟಾಗಿ ತಟ್ಟೋದಿಲ್ಲ. ಅನುವಾದ ಒಬ್ಬರು ಮಾಡಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಮೂಲಭಾಷೆಗೆ ತರಲಿ. ಅರ್ಥ ಜಾರಿದ ಪ್ರಶ್ನೆ ಅಲ್ಲೇ ಸಿಕ್ಕಿಬೀಳುತ್ತದೆ.

ಉತ್ತರ ಪ್ರವಾಸಿಗರಿಂದಲೇ ಬರಬೇಕು. 1995ರಲ್ಲಿ ಪಿಜಾಮ್ ಮತ್ತು ಸಸ್‌ಮನ್ ಪ್ರಕಟಿಸಿದ ಲಂಡನ್ ಗೈಡ್‌ಗಳ ಅಧ್ಯಯನದಲ್ಲಿ 20 ವರ್ತನೆಗಳಲ್ಲಿ 18ಕ್ಕೆ ದೇಶವಾರು ವ್ಯತ್ಯಾಸ ಕಂಡಿತ್ತು. ಆದರೆ ಅಲ್ಲಿ ಅಳೆದಿದ್ದು ಗೈಡ್‌ಗಳ ಅಭಿಪ್ರಾಯವನ್ನು. ಅವರ ಪೂರ್ವಗ್ರಹವೂ ಅದರೊಳಗೆ ಸೇರಿರುತ್ತದೆ.

ಪಯಣಿಗ:
ಹಾಗಾದರೆ ಗೈಡ್‌ಗಳಿಗೆ ದೇಶವಾರು ಪಟ್ಟಿ ಕೊಡಲೇಬಾರದಾ?

ಮುಂಗಾಲು:
ಬೇಡ. ಗೈಡ್‌ಗಳಿಗೆ ಕೇಳುವ ರೀತಿ ಕಲಿಸಿ. "ಎಲ್ಲ ಚೆನ್ನಾಗಿದೆಯಾ?" ಅಂದರೆ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನೋದಕ್ಕೆ ಹಿಂಜರಿಯುವವರು "ಹೌದು" ಅಂದು ನಗುತ್ತಾರೆ. ಊರಿಗೆ ಹೋಗಿ ನಾಲ್ಕು ಜನರಿಗೆ ಬೇಸರ ಹೇಳಿಕೊಳ್ಳುತ್ತಾರೆ, ನಿಮ್ಮ ಕಿವಿಗೆ ಬೀಳೋದೇ ಇಲ್ಲ. "ಎ.ಸಿ. ಹೆಚ್ಚಾಯಿತಾ, ಕಡಿಮೆಯಾಯಿತಾ?" ಅನ್ನಿ. ಎರಡರಲ್ಲಿ ಯಾವುದನ್ನು ಹೇಳಿದರೂ ಅವರಿಗೆ ದೂರಿದಂತೆ ಅನಿಸೋದಿಲ್ಲ.

"ಯಾರಿಗಾದರೂ ಪ್ರಶ್ನೆ ಇದೆಯಾ?" ಅಂತ ಗುಂಪಿನ ಎದುರು ಕೇಳಿ ಎರಡೇ ಸೆಕೆಂಡಿಗೆ ಮುಂದೆ ನಡೆಯಬೇಡಿ. ಹಿರಿಯರೋ ಮೇಲಧಿಕಾರಿಯೋ ಪಕ್ಕದಲ್ಲಿದ್ದರೆ ಕಿರಿಯರು ಬಾಯಿ ಬಿಡೋದಿಲ್ಲ. ಐದು ನಿಮಿಷ ಒಂದು ಬದಿಗೆ ನಿಂತಿರಿ, ಒಬ್ಬೊಬ್ಬರೇ ಬರುತ್ತಾರೆ.

ಇನ್ನು ಕಾರ್ಯಕ್ರಮ ಬದಲಾದಾಗ. ಬಸ್ಸು ಹೊರಡುವ ಮೊದಲೇ ಏನು ಬದಲು, ಯಾಕೆ, ಶೌಚಾಲಯ ಎಲ್ಲಿ, ಎಷ್ಟು ಮೆಟ್ಟಿಲು ಹತ್ತಬೇಕು, ವಾಪಸ್ ಎಷ್ಟು ಗಂಟೆಗೆ ಅಂತ ಹೇಳಿ, ಚೀಟಿಯಲ್ಲೂ ಬರೆದುಕೊಡಿ. ಅನಿಶ್ಚಿತತೆಗೆ ಅಳುಕುವವರು ಯಾವ ದೇಶದವರಾದರೂ ಆ ಚೀಟಿಯನ್ನು ದಿನವಿಡೀ ತೆಗೆದು ತೆಗೆದು ನೋಡುತ್ತಿರುತ್ತಾರೆ.