900 ಎಂಎಂ ಬೀಡಿನ ಪುಲ್ಲಿ: ಟಿಪ್ ಒಡೀತಾವ, ಚಾಟರ್ ನಿಲ್ಲವಲ್ದು

ಗ್ಯಾಪ್‌ಬೆಡ್_ಗಂಗಾವತಿ:
ರೈಸ್ ಮಿಲ್ಲಿಂದು 6 ಗ್ರೂವ್ (ಬೆಲ್ಟ್ ಕೂರೋ ತೋಡು) ಸಿ-ಸೆಕ್ಷನ್ (ವಿ-ಬೆಲ್ಟಿನ ಒಂದು ಅಳತಿ) ವಿ-ಪುಲ್ಲಿ. ಬೀಡು (ಎರಕದ ಕಬ್ಬಿಣ) ಎಫ್‌ಜಿ 200 ದರ್ಜೆದು, ಹೊರ ವ್ಯಾಸ 900, ಅಗಲ 162, ನಡುವಿನ ಹಬ್ಬಿಂದ ಹೊರಗಿನ ರಿಮ್ಮಿಗೆ ಆರು ಕೈ, ತೂಕ ಸುಮಾರು 220 ಕೆಜಿ. ಗ್ಯಾಪ್ ತುಂಡು (ಚಕ್ ಮುಂದಿನ ಬೆಡ್ಡಿನ ಬಿಚ್ಚೋ ಭಾಗ) ತೆಗದ್ರ ಲೇತ್‌ನ್ಯಾಗ 950 ತಿರುಗತೈತಿ. ಬ್ಯಾಕ್ ಗೇರ್ (ಸ್ಪೀಡ್ ಇಳಿಸೋ ಗೇರ್) ಹಾಕಿದ್ರೂ 25 ಆರ್‌ಪಿಎಂಗಿಂತ ಕಡಿಮಿ ಇಲ್ಲ. 4 ಜಾ ಚಕ್‌ನ್ಯಾಗ ಹಬ್ ಹಿಡದು ರಿಮ್ ಮ್ಯಾಲ 1 ಎಂಎಂ ಕಟ್ ಕೊಟ್ಟೀನಿ. ಬ್ರೇಜ್ಡ್ ಟಿಪ್ (ಟೂಲ್ ತುದಿಗೆ ಬೆಸೆದ ಕಾರ್ಬೈಡ್ ತುಂಡು) ಮೂಲಿ ಒಡೀತೈತಿ, ರಿಮ್ ನಡುಗಿ (ಚಾಟರ್) ಗುಡಿ ಗಂಟಿ ಹಂಗ ಬಡಕೊಳ್ತೈತಿ. ಏನ್ ಮಾಡ್ಬೇಕು?

ತೋರಣಗಲ್ಲು ಟರ್ನರ್:
1 ಎಂಎಂ ಕಟ್ಟೇ ಟಿಪ್ ತಿನ್ನುತ್ತಿರೋದು. ಬೀಡಿನ ಮೇಲ್ಪದರದಲ್ಲಿ ಸುಟ್ಟ ಮರಳು ಕಚ್ಚಿರುತ್ತೆ, ಗಟ್ಟಿಯೂ ಇರುತ್ತೆ. 1 ಎಂಎಂ ಕೊಟ್ಟರೆ ಟೂಲ್ ಮೂತಿ ಅದರಲ್ಲೇ ಉಜ್ಜುತ್ತೆ. ಮೊದಲು ಚಿಸೆಲ್, ವೈರ್ ಬ್ರಷ್‌ನಿಂದ ಮರಳು ತೆಗೀರಿ, ಹಳೇ ಟೂಲ್‌ನಿಂದ ಎರಡೂ ಅಂಚಿಗೆ 45 ಡಿಗ್ರಿ ಚಾಂಫರ್ (ಓರೆ ಅಂಚು) ಹೊಡೀರಿ. ಆಮೇಲೆ ಒಂದೇ ಸಲಕ್ಕೆ 3ರಿಂದ 4 ಎಂಎಂ ಆಳ, ಫೀಡ್ ಸುತ್ತಿಗೆ 0.25 ಎಂಎಂ. ಆಕಡೆ ಅಂಚಿಗೂ ಚಾಂಫರ್ ಬೇಕೇ ಬೇಕು, ಇಲ್ಲದಿದ್ದರೆ ಟೂಲ್ ಹೊರಬರುವಾಗ ಬೀಡು ಚೆಕ್ಕೆ ಏಳುತ್ತೆ.

ಇನ್ನು ಸ್ಪೀಡ್. 900 ವ್ಯಾಸಕ್ಕೆ 25 ಆರ್‌ಪಿಎಂ ಅಂದರೆ ನಿಮಿಷಕ್ಕೆ 70 ಮೀಟರ್. ಫಿನಿಶಿಂಗ್‌ಗೆ ಸರಿ, ಮೇಲ್ಪದರಕ್ಕೆ ಜಾಸ್ತಿ. ವಿಎಫ್‌ಡಿ (ಮೋಟಾರಿನ ಸ್ಪೀಡ್ ಬದಲಿಸೋ ಡ್ರೈವ್) ಇದ್ದರೆ 30 ಹರ್ಟ್ಸ್‌ಗೆ ಇಳಿಸಿ, 15 ಆರ್‌ಪಿಎಂ, ಸುಮಾರು 42 ಮೀಟರ್ ಸಿಗುತ್ತೆ. ಆ ಸ್ಪೀಡಿಗೆ ಮೋಟಾರಿನ ಸ್ವಂತ ಫ್ಯಾನ್ ಗಾಳಿ ಸಾಲಲ್ಲ, ಹೊರಗಿಂದ ಒಂದು ಟೇಬಲ್ ಫ್ಯಾನ್ ಇಡಿ. ಟಿಪ್ ಕೆ20 (ಬೀಡಿಗೆ ಹೊಂದೋ ಕಾರ್ಬೈಡ್ ಗ್ರೇಡ್) ಇರಲಿ. ಸ್ಟೀಲಿನ ಪಿ ಗ್ರೇಡ್ ಟಿಪ್ಪನ್ನೇ ಬೀಡಿಗೂ ಹಾಕೋದು ನಮ್ಮ ಕಡೆ ರೂಢಿ, ಅದು ಬೇಡ. ಕೂಲೆಂಟ್ ಬೇಡ, ಬೀಡಿನ ಪುಡಿ ಅದರಲ್ಲಿ ಕಲಸಿ ಬೆಡ್ ಸವೆಸುತ್ತೆ. ಬೆಡ್ ಮೇಲೆ ಬಟ್ಟೆ ಹಾಸಿ.

ಮಾನ್ವಿ ಫಿಟ್ಟರ್:
ಸ್ಪೀಡ್ ಇಳಿಸಿದ್ರೂ ಆ ಹಿಡಿತದಾಗ ಚಾಟರ್ ಹೋಗಂಗಿಲ್ಲ. ಹಬ್ ಒಂದೇ ಹಿಡದ್ರ ರಿಮ್ ಅಷ್ಟು ದೂರ ಆಧಾರಿಲ್ದ ನಿಂತಿರ್ತದ. ಚಕ್ ಇಳಿಸಿ ಫೇಸ್‌ಪ್ಲೇಟ್ (ಬೋಲ್ಟ್ ಹಾಕಾಕ ಸೀಳು ಇರೋ ಚಪ್ಪಟೆ ತಟ್ಟೆ) ಹಾಕ್ರಿ. ಕೈಗಳ ಕೆಳಗ ಒಂದೇ ದಪ್ಪದ ಪ್ಯಾಕಿಂಗ್ ಇಟ್ಟು, ಹಬ್ ಹತ್ರ ನಾಕು ಕಡೆ ಎಂ16 ಬೋಲ್ಟು, ಕ್ಲ್ಯಾಂಪು. ರಿಮ್ಮಿಗೆ ಕ್ಲ್ಯಾಂಪ್ ಬ್ಯಾಡ, ಬಿಗದಾಗ ಬಗ್ಗಿ, ಬಿಚ್ಚಿದಾಗ ಅಂಡಾಕಾರ ಆಗ್ತದ. ಒಂದು ಕೈಗೆ ತಾಗೋ ಹಂಗ ಫೇಸ್‌ಪ್ಲೇಟಿಗೆ ಸ್ಟಾಪ್ ಬೋಲ್ಟ್ ಹಾಕ್ರಿ, ಕಟಿಂಗ್ ಜೋರು ಅದು ಹೊರಲಿ, ಕ್ಲ್ಯಾಂಪ್ ಅಲ್ಲ. ಹಬ್ ಬಾಯಿಗೆ ಪ್ಲಗ್ ಬಡದು ಟೇಲ್‌ಸ್ಟಾಕ್ (ಲೇತಿನ ಆಕಡೆ ತುದಿಯ ಆಧಾರ) ಸೆಂಟರ್ ಕೊಡ್ರಿ. ರಿಮ್ ಒಳಗ ಹಳೇ ಕನ್ವೇಯರ್ ಬೆಲ್ಟ್ ಪಟ್ಟಿ ಒತ್ತಿ ಕಟ್ಟಿದ್ರ ಸದ್ದು ಸತ್ತೇ ಹೋಗ್ತದ.

ಡಯಲ್ (ಓಲಾಟ ಅಳಿಯೋ ಗೇಜ್) ಹಚ್ಚಾಕ ಹೊರಮೈ ನೋಡಬ್ಯಾಡ್ರಿ. ರಿಮ್ಮಿನ ಒಳಮೈ ಎರಕದಾಗ ಬಂದಂಗೇ ಉಳೀತದ, ಅದನ್ನ ಸೆಂಟರಿಗೆ ತರ್ರಿ. ದಪ್ಪ ಸುತ್ತಲೂ ಸಮ ಬರ್ತದ, ಬ್ಯಾಲೆನ್ಸ್ ಕೆಲಸ ಅರ್ಧಕ್ಕ ಇಳೀತದ. ಸ್ವಿಚ್ ಹಾಕೋ ಮೊದ್ಲು ಕೈಲೇ ಒಂದು ಸುತ್ತು ತಿರುಗಿಸಿ ಬೋಲ್ಟ್ ತಲಿ ಬೆಡ್ಡಿಗೆ ತಾಗಂಗಿಲ್ಲ ಅಂತ ನೋಡ್ರಿ.

ಗ್ಯಾಪ್‌ಬೆಡ್_ಗಂಗಾವತಿ:
ಫೇಸ್‌ಪ್ಲೇಟಿಗೆ ಹಾಕೀನಿ, ಚಾಟರ್ ಹೋತು. ಆದ್ರ ಒಂದು ಅಂಚಿನ್ಯಾಗ ಗೇಣುದ್ದ ಜಾಗ ಬೆಳ್ಳಗ ಮಿಂಚತೈತಿ, ಅರ ಹಾಕಿದ್ರ ಜಾರತೈತಿ.

ಎರಕ_ಕೊಪ್ಪಳ:
ಅದು ಚಿಲ್, ಅಂದರೆ ಗಟ್ಟಿಯಾದ ಬಿಳಿ ಬೀಡು. ತೆಳು ಅಂಚು ಬೇಗ ತಣ್ಣಗಾದರೆ, ಇಲ್ಲಾ ಲೋಹದಲ್ಲಿ ಸಿಲಿಕಾನ್ ಕಡಿಮೆ ಬಿದ್ದರೆ ಗ್ರಾಫೈಟ್ ಆಗಬೇಕಾದ ಕಾರ್ಬನ್ ಕಾರ್ಬೈಡ್ ಆಗಿ ಉಳಿಯುತ್ತದೆ. ಹಸಿ ಮೋಲ್ಡ್‌ನಲ್ಲಿ ಹೆಚ್ಚು. ಟಿಪ್ ಬದಲಿಸುತ್ತಾ ಕೂತರೆ ಟಿಪ್ಪಿನ ದುಡ್ಡೇ ಪುಲ್ಲಿಯ ದುಡ್ಡಾಗುತ್ತದೆ. ಫೌಂಡ್ರಿಗೆ ವಾಪಸ್ ಕಳಿಸಿ, 870ರಿಂದ 900 ಡಿಗ್ರಿಯಲ್ಲಿ ಅನೀಲ್ ಮಾಡಿಸಿ (ಕಾಯಿಸಿ ಮೆತ್ತಗೆ ಮಾಡುವುದು). ಭಟ್ಟಿಯಲ್ಲೇ ನಿಧಾನ ತಣಿಯಬೇಕು, ಬಿಸಿ ಇರುವಾಗ ಹೊರಗೆಳೆದರೆ ಒಳಗಿನ ಒತ್ತಡ ಮತ್ತೆ ಕೂರುತ್ತದೆ. ಬೀಡಿನ ಬಲ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಆಮೇಲೆ ಗಡಸುತನ ಪರೀಕ್ಷೆ ಮಾಡಿಸಿಯೇ ತಗೊಳ್ಳಿ. ಪುಲ್ಲಿಗೆ 600 ಆರ್‌ಪಿಎಂ ಇದ್ದರೆ ರಿಮ್ ವೇಗ ಸೆಕೆಂಡಿಗೆ 28 ಮೀಟರ್. ಬೀಡಿಗೆ ಸಾಮಾನ್ಯವಾಗಿ 30ರ ಆಸುಪಾಸೇ ಮಿತಿ. ಅಲ್ಲಿ ಅನುಮಾನದ ಎರಕ ಇಡಬಾರದು.

ಮಾನ್ವಿ ಫಿಟ್ಟರ್:
ವಾಪಸ್ ಬಂದ ಮ್ಯಾಲ ರಫಿಂಗ್ ಮುಗಿಸಿ, 1 ಎಂಎಂ ಬಿಟ್ಟು ಕ್ಲ್ಯಾಂಪ್ ಸಡಿಲ ಮಾಡ್ರಿ. ಬಗ್ಗೋದು ಬಗ್ಗಲಿ. ಮತ್ತ ಹಗುರ ಬಿಗದು ರಿಮ್, ಹಬ್ ಮುಖ, ಬೋರ್ ಮೂರನ್ನೂ ಒಂದೇ ಸೆಟಿಂಗ್‌ನಾಗ ಮುಗಿಸ್ರಿ. ಗ್ರೂವಿಗೆ ಪೂರ್ತಿ ಅಗಲದ ಫಾರ್ಮ್ ಟೂಲ್ (ಗ್ರೂವ್ ಆಕಾರಕ್ಕೇ ಮಸೆದ ಟೂಲ್) ಹಾಕಿದ್ರ ಚಾಟರ್ ತಿರುಗಿ ಬರ್ತದ. ನಡುವ ಪಾರ್ಟಿಂಗ್ ಟೂಲಿಂದ 20 ಎಂಎಂ ಆಳ ಇಳಿಸಿ, ಕಾಂಪೌಂಡ್ ಸ್ಲೈಡ್ (ಟೂಲ್ ಕೆಳಗಿನ ಓರೆ ತಿರುಗಿಸೋ ಸ್ಲೈಡ್) 19 ಡಿಗ್ರಿಗಿಟ್ಟು ಒಂದೊಂದೇ ಬದಿ ತಗೀರಿ, ಒಟ್ಟು 38 ಆಗ್ತದ. ಗ್ರೂವಿಂದ ಗ್ರೂವಿಗೆ 25.5.

ಬೋರಿನ ಕೊನೇ ಕಟ್ ಮಾತ್ರ ಮುಂಜಾನಿ. ರಫಿಂಗ್ ಬಿಸಿಯಾಗ ಅಳತಿ ತಗೊಂಡ್ರ 100 ಎಂಎಂ ಬೋರ್ 20 ಡಿಗ್ರಿ ಫರಕಿಗೆ 0.02 ತಪ್ತದ, ಎಚ್7 ಟಾಲರೆನ್ಸಿಗೆ (ಬೋರ್ ಅಳತಿಗೆ ಬಿಡೋ ಹೆಚ್ಚುಕಡಿಮಿ) ಇರೋದೇ 0.035. ಆಮ್ಯಾಲ ಬ್ಯಾಲೆನ್ಸ್ ನೋಡಾಕ ಮ್ಯಾಂಡ್ರೆಲ್ (ಬೋರಿಗೆ ಕೂರೋ ಶಾಫ್ಟ್) ಮ್ಯಾಲ ಏರಿಸಿ, ಲೆವೆಲ್ ನೋಡಿದ ಎರಡು ಚೂಪು ಪಟ್ಟಿ ಮ್ಯಾಲ ಉರುಳಿಸ್ರಿ. ಕೆಳಗ ನಿಂತ ಕಡೆ ಭಾರ, ಅಲ್ಲಿ ರಿಮ್ಮಿನ ಪಕ್ಕದ ಮುಖಕ್ಕ ಡ್ರಿಲ್ ಹೊಡೀರಿ, ಕೈಗೆ ಬ್ಯಾಡ. 20 ಎಂಎಂ ಡ್ರಿಲ್ 15 ಆಳ ಹೋದ್ರ ಸುಮಾರು 34 ಗ್ರಾಂ ಹೋಗ್ತದ.