ಸಹಾಯ ಬೇಕು: ಟೀಮ್ ಬ್ರಿಡ್ಜ್‌ನಲ್ಲಿ ಈ ತುರುಪನ್ನು ಹೇಗೆ ಆಡಬೇಕು?

ನಮಸ್ಕಾರ. ಮಡಿಕೇರಿಯಲ್ಲಿ ಮಳೆ ಬಿಡ್ತಾ ಇಲ್ಲ, ತೋಟದ ಕೆಲಸ ನಿಂತಿದೆ. ಹಾಗಾಗಿ ಮನೆಯಲ್ಲಿ ಬ್ರಿಡ್ಜ್ ಇಸ್ಪೀಟಾಟ ಜೋರು, ಜಗಳ ಇನ್ನೂ ಜೋರು.

ಟೀಮ್ ಆಟ (ಅವೇ ಎಲೆಗಳನ್ನು ಇನ್ನೊಂದು ಟೇಬಲ್‌ನಲ್ಲೂ ಆಡಿ ಅಂಕ ಹೋಲಿಸುವುದು), ನಾವು ವಲ್ನರಬಲ್ (ಗೆದ್ದರೂ ಸೋತರೂ ಅಂಕ ದೊಡ್ಡದು), ನಾನು 4 ಸ್ಪೇಡ್ಸ್ ಆಡುತ್ತಿದ್ದೆ, ಅಂದರೆ ಸ್ಪೇಡ್ಸ್ ತುರುಪು, 13 ಟ್ರಿಕ್‌ಗಳಲ್ಲಿ (ಸುತ್ತುಗಳಲ್ಲಿ) 10 ಗೆಲ್ಲಬೇಕು. ಬೇರೆ ಬಣ್ಣಗಳಲ್ಲಿ ಎರಡು ಟ್ರಿಕ್ ಹೋಗುವುದು ಖಚಿತ. ಅಂದರೆ ತುರುಪಿನಲ್ಲಿ ಒಂದು ಹೋದರೂ ಪರವಾಗಿಲ್ಲ, ಎರಡು ಹೋಗಬಾರದು. ನನ್ನ ಕೈಯಲ್ಲಿ ಎಕ್ಕ, ಗುಲಾಮ, 7, 5, 3. ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಚ್ಚಿಟ್ಟ ಪಾರ್ಟ್ನರ್ ಎಲೆಗಳಲ್ಲಿ) ರಾಜ, 9, 4, 2.

ನಾನು ಹೇಳೋದು: ಕೈಯಿಂದ ಸಣ್ಣ ಎಲೆ ಹಾಕಿ, ಎಡಗಡೆಯವರು ಸಣ್ಣದು ಹಾಕಿದರೆ ಡಮ್ಮಿಯ 9 ಹಾಕಬೇಕು. ಅವರ ಹತ್ತಿರ ತುರುಪೇ ಇಲ್ಲದಿದ್ದರೆ ರಾಜ ಹಾಕಿ ವಾಪಸ್ ಗುಲಾಮನ ಕಡೆ ಆಡುವುದು. ಎದುರಾಳಿಗಳ ನಾಲ್ಕು ತುರುಪೂ ಒಬ್ಬರ ಹತ್ತಿರವೇ ಇದ್ದರೂ ಆಟ ಗೆದ್ದಂತೆ.

ಪಾರ್ಟ್ನರ್ ನಮ್ಮ ಸೋದರಮಾವ. ಅವರು ಒಪ್ಪಲ್ಲ. "ರಾಜ, ಎಕ್ಕ ಎಳೆದುಬಿಡು, 2-2 ಬಿದ್ದರೆ ಒಂದು ಟ್ರಿಕ್ ಜಾಸ್ತಿ" ಅಂತಾರೆ. 2-2 ಅಂದರೆ ಇಬ್ಬರು ಎದುರಾಳಿಗಳ ಹತ್ತಿರವೂ ಎರಡೆರಡು ತುರುಪು.

ಲೆಕ್ಕ ಹಾಕಿ ನೋಡಿದೆ, ಅಲ್ಲೇ ಸಿಕ್ಕಿಬಿದ್ದೆ. ಮಾವನ ದಾರಿಯಲ್ಲಿ ಸೋಲುವುದು ಸುಮಾರು 5% ಸಲ ಮಾತ್ರ. ಆಗ 620 ಬದಲು ಮೈನಸ್ 100, ಅಂದರೆ 12 ಇಂಪ್ (ಟೀಮ್ ಆಟದ ಹೋಲಿಕೆ ಅಂಕ) ನಷ್ಟ. ಆದರೆ ನನ್ನ ದಾರಿಗೆ ಹೋಲಿಸಿದರೆ ಸುಮಾರು 40% ಸಲ 1 ಇಂಪ್ ಲಾಭ, ಸುಮಾರು 12% ಸಲ 1 ಇಂಪ್ ನಷ್ಟ. ಸರಾಸರಿಯಲ್ಲಿ ನನ್ನ ದಾರಿಯೇ ಮುಂದೆ, ಆದರೂ ವ್ಯತ್ಯಾಸ ಅರ್ಧ ಇಂಪ್‌ಗಿಂತ ಕಡಿಮೆ! ಜೋಡಿ ಆಟವಾಗಿದ್ದರೆ (ಅಲ್ಲಿ ಒಂದೊಂದು ಹೆಚ್ಚುವರಿ ಟ್ರಿಕ್‌ಗೂ ಬೆಲೆ) ಮಾವನ ಮಾತಿಗೆ ಸುಮ್ನೆ ತಲೆಯಾಡಿಸುತ್ತಿದ್ದೆ.

ಅನುಭವಸ್ಥರು ಹೇಳಿ: ಇನ್ನೊಂದು ಟೇಬಲ್‌ನವರೂ 4 ಸ್ಪೇಡ್ಸ್ ಆಡ್ತಾರೆ ಅಂತ ಅನಿಸಿದಾಗ ನೀವು ಯಾವ ದಾರಿ ಹಿಡಿಯುತ್ತೀರಿ? ಪಂದ್ಯದಲ್ಲಿ ಹಿಂದೆ ಇದ್ದರೆ ಅದು ಬದಲಾಗುತ್ತಾ?