ಎಸ್‌ಎಸ್‌ಸಿ ಇಂಗ್ಲಿಷ್: ಕೊನೆಗೆ ಉಳಿಯುವ ಎರಡು ಆಪ್ಷನ್‌ಗಳಲ್ಲಿ ಯಾವುದನ್ನು ಆರಿಸಬೇಕು?

ಹಾವೇರಿ ಓದುಗಿ
ಎಲ್ಲರಿಗೂ ನಮಸ್ಕಾರ. ಕೇಂದ್ರ ಸರ್ಕಾರದ ಕೆಲಸಗಳಿಗೆ ಎಸ್‌ಎಸ್‌ಸಿ (ಸ್ಟಾಫ್ ಸೆಲೆಕ್ಷನ್ ಕಮಿಷನ್) ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತ ಟಯರ್ 1ಕ್ಕೆ ಓದುತ್ತಿದ್ದೇನೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲೆಕ್ಕ, ರೀಸನಿಂಗ್ ಪರವಾಗಿಲ್ಲ. ಇಂಗ್ಲಿಷಿನಲ್ಲಿ ವಾಕ್ಯದ ಒಂದು ತುಂಡಿಗೆ ಗೆರೆ ಎಳೆದು ಅದರ ಜಾಗಕ್ಕೆ ಸರಿಯಾದದ್ದನ್ನು ಆರಿಸಿ ಅಂತಾರಲ್ಲ, ಅಲ್ಲೇ ಕಷ್ಟ. ಎರಡು ಆಪ್ಷನ್ ತಪ್ಪು ಅಂತ ಗೊತ್ತಾಗುತ್ತದೆ, ಉಳಿದೆರಡೂ ಸರಿ ಅನ್ನಿಸುತ್ತವೆ. ಉದಾಹರಣೆಗೆ, 'ಹಿ ಈಸ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್'. ಆಪ್ಷನ್‌ನಲ್ಲಿ 'ಹ್ಯಾಸ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್' ಇದೆ, 'ಹ್ಯಾಸ್ ಬೀನ್ ವರ್ಕಿಂಗ್ ಹಿಯರ್ ಫಾರ್' ಕೂಡ ಇದೆ. ನೀವೆಲ್ಲ ಹೇಗೆ ಆರಿಸುತ್ತೀರಿ? ಇಂಥವನ್ನು ಬಿಟ್ಟುಬಿಡುವುದೇ ಒಳ್ಳೆಯದಾ?

ಬೆಳಗಿನ ಬ್ಯಾಚ್
ಚಿಕ್ಕದಾಗಿರೋದನ್ನು ಟಿಕ್ ಮಾಡಿ ಮೇಡಂ. 'ರಿಟರ್ನ್ ಬ್ಯಾಕ್', 'ಡಿಸ್ಕಸ್ ಅಬೌಟ್' ಥರದವುಗಳಲ್ಲಿ ಜಾಸ್ತಿ ಇರುವ ಪದವೇ ತಪ್ಪು. ತುಂಬಾ ಸಲ ಇದು ಕೈಹಿಡಿಯುತ್ತದೆ.

ಗ್ರಾಮರ್ ಮೇಷ್ಟ್ರು
ಅದನ್ನೇ ನಂಬಿಕೊಂಡು ಕೂರಬೇಡಿ. 'ಹರ್ ಸ್ಯಾಲರಿ ಈಸ್ ಹೈಯರ್ ದ್ಯಾನ್ ಹರ್ ಬ್ರದರ್' ಚಿಕ್ಕದು, ಆದರೆ ತಪ್ಪು. ಅಲ್ಲಿ ಸಂಬಳವನ್ನು ಅಣ್ಣನ ಜೊತೆ ಹೋಲಿಸಿದ ಹಾಗಾಯಿತು. 'ದ್ಯಾನ್ ದಟ್ ಆಫ್ ಹರ್ ಬ್ರದರ್' ಉದ್ದವಾದರೂ ಅದೇ ಉತ್ತರ. ನಾವು ಮಾತಿನಲ್ಲಿ 'ಅವಳ ಸಂಬಳ ಅಣ್ಣನಿಗಿಂತ ಜಾಸ್ತಿ' ಅಂತ ಸಲೀಸಾಗಿ ಹೇಳಿಬಿಡುತ್ತೇವೆ, ಯಾರಿಗೂ ಗೊಂದಲವಾಗುವುದಿಲ್ಲ, ಅದಕ್ಕೇ ಇಂಗ್ಲಿಷಿನಲ್ಲೂ ಆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೊದಲು ವ್ಯಾಕರಣ, ಆಮೇಲೆ ಅರ್ಥ. ಎರಡೂ ಸರಿ ಇದ್ದಾಗ ಮಾತ್ರ ಚಿಕ್ಕದು.

ಹಾವೇರಿಯವರೇ, ಮನಸ್ಸಿನಲ್ಲಿ ಓದಿ ಯಾವುದು ಚೆನ್ನಾಗಿ ಕೇಳಿಸುತ್ತದೆ ಅಂತ ನೋಡುವುದನ್ನು ದಯವಿಟ್ಟು ಬಿಡಿ. ಮನೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದವರಿಗೆ ಆ ದಾರಿ ಕೈಕೊಡುತ್ತದೆ. ಆಪ್ಷನ್‌ಗಳನ್ನು ಅಕ್ಕಪಕ್ಕ ಇಟ್ಟು ಎಲ್ಲಿ ಬೇರೆಯಾಗುತ್ತವೆ ಅಂತ ಮಾತ್ರ ನೋಡಿ. ನಿಮ್ಮ ವಾಕ್ಯದಲ್ಲಿ ವ್ಯತ್ಯಾಸ ಎರಡೇ. ಒಂದು, 'ಈಸ್' ಬೇಕೋ 'ಹ್ಯಾಸ್ ಬೀನ್' ಬೇಕೋ. ಹಿಂದೆ ಶುರುವಾದ ಕೆಲಸ ಈಗಲೂ ನಡೆಯುತ್ತಿದೆ, ಆದ್ದರಿಂದ 'ಹ್ಯಾಸ್ ಬೀನ್'. ಇನ್ನೊಂದು, 'ಸಿನ್ಸ್' ಬೇಕೋ 'ಫಾರ್' ಬೇಕೋ. 'ಫೈವ್ ಇಯರ್ಸ್' ಅನ್ನುವುದು ಎಷ್ಟು ಕಾಲ ಅನ್ನುವ ಲೆಕ್ಕ, ಹಾಗಾಗಿ 'ಫಾರ್'. 2019 ಅಂತ ಶುರುವಾದ ವರ್ಷವನ್ನೇ ಕೊಟ್ಟಿದ್ದರೆ 'ಸಿನ್ಸ್'. ಕನ್ನಡದಲ್ಲಿ 'ಐದು ವರ್ಷದಿಂದ', '2019ರಿಂದ' ಎರಡಕ್ಕೂ ಒಂದೇ ಪ್ರತ್ಯಯ ಸಾಕಾಗುವುದರಿಂದ ನಮ್ಮ ಕಡೆ ಮಕ್ಕಳು ಇದರಲ್ಲಿ ಬಹಳ ಎಡವುತ್ತಾರೆ.

ಇನ್ನೊಂದು ಮಾತು, ಕ್ರಿಯಾಪದ ಕಂಡ ತಕ್ಷಣ ಅದರ ಕರ್ತೃ ಯಾರು ಅಂತ ಹುಡುಕಿ. 'ದಿ ಕ್ವಾಲಿಟಿ ಆಫ್ ದಿ ಮ್ಯಾಂಗೋಸ್ ಇನ್ ದೀಸ್ ಬಾಕ್ಸಸ್' ಆದಮೇಲೆ 'ಆರ್' ಬರುವುದಿಲ್ಲ, 'ಈಸ್' ಬರಬೇಕು. ಹಣ್ಣು, ಬಾಕ್ಸು ಎಲ್ಲ ನಡುವೆ ತುಂಬಿಸಿರುವುದು ನಿಮ್ಮ ಗಮನ ತಪ್ಪಿಸುವುದಕ್ಕೇ.

ಧಾರವಾಡ ಲೈಬ್ರರಿ
ಬಿಡುವ ಪ್ರಶ್ನೆಗೆ ನನ್ನ ಉತ್ತರ: ಬಿಡಬೇಡಿ. ಸರಿಯಾದರೆ 2 ಅಂಕ, ತಪ್ಪಾದರೆ ಹೋಗುವುದು 0.5. ಎರಡರಲ್ಲಿ ಒಂದು ಅನ್ನುವಲ್ಲಿಗೆ ಬಂದಿದ್ದರೆ ಅಂದಾಜಿಗೆ ಹೊಡೆದರೂ ಸರಾಸರಿ 0.75 ಲಾಭ. ಆದರೆ ಅಲ್ಲೇ ಕೂತು ಯೋಚಿಸುತ್ತಾ ಇರಬೇಡಿ, 60 ನಿಮಿಷದಲ್ಲಿ 100 ಪ್ರಶ್ನೆ ಮುಗಿಯಬೇಕು ಅಲ್ವಾ. ಬದಲಾವಣೆ ಬೇಡ ಅನ್ನುವ ಆಪ್ಷನ್‌ಗೂ ಹೆದರಬೇಡಿ. ತಪ್ಪು ಇದ್ದೇ ಇರುತ್ತದೆ ಅಂದುಕೊಂಡು ಸರಿಯಾದ ವಾಕ್ಯವನ್ನು ಸುಮ್ನೆ ಕೆಡಿಸುವವರು ತುಂಬಾ ಜನ.

ಹಾವೇರಿ ಓದುಗಿ
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹಾಗಾದರೆ 'ಎ ನಂಬರ್ ಆಫ್ ಸ್ಟೂಡೆಂಟ್ಸ್' ಬಂದರೂ ಕರ್ತೃ 'ನಂಬರ್' ಅಂತ 'ಈಸ್' ಹಾಕಬೇಕಾ?

ಗ್ರಾಮರ್ ಮೇಷ್ಟ್ರು
ಇಲ್ಲಮ್ಮಾ, ಅಲ್ಲಿ 'ಆರ್'. 'ಎ ನಂಬರ್ ಆಫ್' ಅಂದರೆ ಹಲವರು, ಮಾತು ವಿದ್ಯಾರ್ಥಿಗಳ ಬಗ್ಗೆ. 'ದಿ ನಂಬರ್ ಆಫ್ ಸ್ಟೂಡೆಂಟ್ಸ್' ಅಂತಿದ್ದರೆ ಮಾತು ಸಂಖ್ಯೆಯ ಬಗ್ಗೆ, ಆಗ 'ಈಸ್'. ಹಳೇ ಪೇಪರ್‌ಗಳಲ್ಲಿ ಈ ಜೋಡಿ ಸಿಗುತ್ತದೆ, ಹುಡುಕಿ ಬಿಡಿಸಿ ನೋಡು. ಸಿಕ್ಕಿಹಾಕಿಕೊಂಡರೆ ಇಲ್ಲೇ ಹಾಕು, ನೋಡೋಣ.